ಕಾರಣದ ಅಂಕಣ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾನು ಚೆನ್ನಾಗಿದ್ದೇನೆ. ನೀನು, ಅಳಿಯಂದಿರು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು. ತಡವಾಯಿತೆಂದು ಬೈಯುವ ಮೊದಲು ಈ ಹಾಳೆಯನ್ನೊಮ್ಮೆ ನೋಡು. ಅಪ್ಪ ಟೈಪ್ ಮಾಡಿದ್ದಾನೆ! ಮೂರು ದಿನದ ಕೆಲಸ ಇದು. ಅಲ್ಲಲ್ಲಿ ಒಂದು ಅಕ್ಷರದ ತಲೆಯ ಮೇಲೆ ಇನ್ನೊಂದು ಹತ್ತಿ ಕೂತಿದೆ, ದಾಟಿಕೊಂಡು ಓದು.

ನೀನು ಚಿಕ್ಕವಳಿದ್ದಾಗ ಅಮ್ಮ ಅಂಚೆಯವನಿಗಾಗಿ ಯಾಕೆ ಅಷ್ಟೊಂದು ಕಾಯುತ್ತಿದ್ದಳು ಎಂದು ಕೇಳಿದ್ದೀಯ. ತಡವಾಗುವುದಕ್ಕೆ ಆ ಪ್ರಶ್ನೆಯೂ ಒಂದು ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ಈ ವಯಸ್ಸಿನಲ್ಲಿ ನಾನು ಟೈಪಿಂಗ್ ಕಾಲೇಜಿಗೆ ಸೇರಬೇಕಾಗಿ ಬಂದದ್ದು ನಗರಸಭೆಯಿಂದ. ಗ್ರಂಥಾಲಯದ ಓದುವ ಕೋಣೆಯನ್ನು ಅವರು ಮುರಿದ ಕುರ್ಚಿಗಳ ಉಗ್ರಾಣ ಮಾಡಿದ್ದಾರೆ. ನಲವತ್ತು ವರ್ಷದ ಹಿಂದೆ ಅದನ್ನು ತೆರೆದ ದಿನ ಅಧ್ಯಕ್ಷರು "ಈ ಬಾಗಿಲಿಗೆ ಬೀಗವೇ ಬೇಡ" ಎಂದು ಭಾಷಣ ಮಾಡಿದ್ದು ನನಗೆ ನೆನಪಿದೆ. ಈಗ ಅಲ್ಲಿ ಎರಡು ಬೀಗಗಳಿವೆ. ನಾನು ಪತ್ರಿಕೆಗೆ ನಾಲ್ಕು ಪುಟ ಬರೆದೆ. ಪತ್ರಿಕೆಯವರು ಅದನ್ನು ಹಿಂದಕ್ಕೆ ಕಳಿಸಿದರು. ಕೈಬರಹ ಓದಲಾಗುತ್ತಿಲ್ಲ, ಟೈಪ್ ಮಾಡಿಸಿ ಎಂದು ಚೀಟಿ ಅಂಟಿಸಿದ್ದರು. ಕೈ ನಡುಗುವುದು ನಿಜ. ಆದರೆ ನನ್ನ ಇನ್ನೂರ ಹದಿನಾಲ್ಕು ಪತ್ರಗಳನ್ನು ಪ್ರಕಟಿಸಿದ ಪತ್ರಿಕೆ ಅದು. ಅಷ್ಟನ್ನೂ ನಿನ್ನಮ್ಮ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿದ್ದಾಳೆ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಟೈಪ್ ಮಾಡಿಸುವುದೇನು, ನಾನೇ ಕಲಿಯುತ್ತೇನೆ ಎಂದು ಮರುದಿನವೇ ಹೋಗಿ ಹೆಸರು ಬರೆಸಿದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಲ್ಲಿ ಸದ್ದಿದೆ. ನಿನ್ನಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಲೋಟ ಮೇಜಿನ ಮೇಲಿಟ್ಟರೆ ಅದೇ ಒಂದು ಸಮಾಚಾರ. ಕೆಳಗಿನ ಗಡಿಯಾರ ರಿಪೇರಿಯವನು ಅಂಗಡಿ ಮುಚ್ಚಿದ ಮೇಲೆ ಅವನ ಗಡಿಯಾರಗಳು ಹೊಡೆದುಕೊಳ್ಳುವುದು ಕೇಳಿಸುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ಆದರೂ ಅವು ಒಟ್ಟಿಗಿವೆ.

ಕಾಲೇಜು ಎಂದರೆ ಛತ್ರಿ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಹನ್ನೊಂದು ಮಷಿನ್ನುಗಳಿವೆ. ರಿಬ್ಬನ್ನಿನ ಮಸಿ, ಎಣ್ಣೆ ಎರಡರ ವಾಸನೆ. ಕೀಲಿಗಳು ಕಾಣದಂತೆ ಕೈಗಳ ಮೇಲೆ ಹಲಗೆಯದೊಂದು ಮುಚ್ಚಳ ಇಡುತ್ತಾರೆ. ನೋಡದೆ ಹೊಡೆಯಬೇಕು, ಕಣ್ಣು ಎದುರಿಗಿನ ಹಾಳೆಯ ಮೇಲಿರಬೇಕು. ನಾನು ಬಗ್ಗಿ ಇಣುಕಿದಾಗಲೆಲ್ಲ ಪಕ್ಕದ ಮಷಿನ್ನಿನ ಹುಡುಗಿ ಮೆಲ್ಲಗೆ, "ತಾತ, ಕಾಪಿ ಹೊಡೀಬೇಡಿ" ಎನ್ನುತ್ತಾಳೆ. ಕಲಿಸುವಾಕೆಗೆ ಮಕ್ಕಳು ಮಾರ್ಜಿನ್ ಮೇಡಂ ಎಂದು ಹೆಸರಿಟ್ಟಿದ್ದಾರೆ. ಅಂಚಿನಲ್ಲಿ ಜಾಗ ಬಿಡದ ಹಾಳೆಯನ್ನು ಆಕೆ ಓದುವುದೇ ಇಲ್ಲ. ಮಡಿಸಿ ವಾಪಸ್ ಕೊಡುತ್ತಾರೆ.

ಆ ಹುಡುಗಿಗೆ ಮದುವೆ ಗೊತ್ತಾಗಿದೆ. ಗಂಡಿನ ಮನೆಯವರು ಕಲಿಕೆ ಇಷ್ಟಕ್ಕೆ ಸಾಕು ಎನ್ನುತ್ತಿದ್ದಾರಂತೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ನಾನು ಓದಿದ್ದನ್ನೆಲ್ಲ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡೇ ಅರ್ಧ ಗಂಟೆ ಹೇಳಿದೆ. ಅವಳು ಎಲ್ಲ ಕೇಳಿ, "ನಿಮ್ಮ ಮನೆಯವರು ಪುಣ್ಯ ಮಾಡಿದ್ರು ತಾತ" ಎಂದಳು. ನಿಮಿಷಕ್ಕೆ ಹನ್ನೆರಡು ಪದವಿದ್ದ ನನ್ನ ಸ್ಪೀಡು ಆ ದಿನ ಏಳಕ್ಕಿಳಿಯಿತು.

ಅಭ್ಯಾಸಕ್ಕೆ ಅಲ್ಲಿ ಮಾದರಿ ಪತ್ರಗಳಿವೆ. ಸರಕು ಒಡೆದು ಬಂದದ್ದಕ್ಕೆ ದೂರು, ರಜೆ ಅರ್ಜಿ, ಹೀಗೆ ಸಾಲಾಗಿ. ಕಳೆದ ಗುರುವಾರ ಹದಿನೇಳನೆಯ ಪತ್ರ ಬಂತು. ಸಂದರ್ಶನಕ್ಕೆ ಬರಲಾಗದೆಂದು ವಿನಯದಿಂದ ತಿಳಿಸುವ ಪತ್ರ. 'ಮಾನ್ಯರೇ' ಎಂದು ಹೊಡೆದವನಿಗೆ ಮುಂದಕ್ಕೆ ಬೆರಳು ಏಳಲಿಲ್ಲ. ಉಳಿದ ಹತ್ತು ಮಷಿನ್ನುಗಳೂ ಅದೇ ಪತ್ರವನ್ನು ಹೊಡೆಯುತ್ತಿದ್ದವು. ನಾನು ಹಾಳೆ ಎಳೆದು ಎದ್ದುಬಿಟ್ಟೆ.

ಮೇಡಂ ನನ್ನನ್ನು ತಮ್ಮ ಮೇಜಿನ ಹತ್ತಿರ ಕೂರಿಸಿದರು. ಬೈಯಲಿಲ್ಲ. ನನ್ನ ಅರ್ಜಿಯನ್ನು ತೆಗೆದು, "ಗಡಿಯಾರದ ಅಂಗಡಿ ಮೇಲಿನ ಮನೆ. ಈ ವಿಳಾಸ ಎಲ್ಲೋ ನೋಡಿದೀನಿ ಅಂತ ಅವತ್ತಿಂದ ಅನಿಸ್ತಾ ಇತ್ತು ಸರ್. ನಿನ್ನೆ ಬೀರು ತೆಗೆದು ನೋಡಿದೆ" ಎಂದರು. ಯಾರೂ ಬಂದು ಒಯ್ಯದ ಸರ್ಟಿಫಿಕೇಟುಗಳನ್ನು ಆ ಬೀರುವಿನಲ್ಲಿ ವರ್ಷವಾರು ಕಟ್ಟಿಡುತ್ತಾರೆ. ಮೂವತ್ತೊಂದು ವರ್ಷದ ಹಿಂದಿನ ಕಟ್ಟಿನಲ್ಲಿ ನಿನ್ನಮ್ಮನದಿತ್ತು. ಪ್ರಥಮ ದರ್ಜೆ. ನಿಮಿಷಕ್ಕೆ ನಲವತ್ತೈದು ಪದ. ಮೂಲೆಯಲ್ಲಿ ಪುಟ್ಟ ಫೋಟೋ. ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲನ್ನು ತೆಗೆಯಲು ಮರೆತೇ ಕ್ಯಾಮೆರಾದ ಮುಂದೆ ಕೂತಿದ್ದಾಳೆ.

ನಾನು ಕೆಲಸಕ್ಕೆ ಹೋದ ಮೇಲೆ, ನೀನು ಶಾಲೆಯಿಂದ ಬರುವುದರೊಳಗೆ, ಹತ್ತು ತಿಂಗಳು ಅವಳು ಅಲ್ಲಿಗೆ ಹೋಗಿ ಬಂದಿದ್ದಾಳೆ. ನಿನಗೆ ಆಶ್ಚರ್ಯವಾಗಬಹುದು. ನನಗೆ ಆಗಲಿಲ್ಲ.

"ನಾನೇ ಒಂದು ವಿಮಾ ಕಚೇರಿಗೆ ಅವರ ಹೆಸರು ಕೊಟ್ಟಿದ್ದೆ ಸರ್" ಎಂದರು ಮೇಡಂ. "ಕರೆ ಬರುತ್ತೆ ಅಂತ ಎರಡು ತಿಂಗಳು ಕಾದರು. ತಪ್ಪಿ ಇಲ್ಲಿಗೇನಾದ್ರೂ ಬಂದಿದೆಯಾ ಅಂತ ದಿನಾ ಬಂದು ಕೇಳೋರು. ಆಮೇಲೆ ಬರೋದು ಬಿಟ್ಟರು."

ಸರ್ಟಿಫಿಕೇಟನ್ನು ಕಲಿತವರ ಕೈಗೇ ಕೊಡಬೇಕು, ಅದು ಅಲ್ಲಿಯ ಕಟ್ಟುಪಾಡು. ಅವರಿಲ್ಲದಿದ್ದರೆ ಮನೆಯವರು ರಿಜಿಸ್ಟರಿನಲ್ಲಿ ಸಹಿ ಮಾಡಿ, ಇಷ್ಟು ದಿನ ಯಾಕೆ ಒಯ್ಯಲಿಲ್ಲವೆಂಬ ಕಾರಣವನ್ನೂ ಬರೆಯಬೇಕು. ಅದಕ್ಕೇ ಒಂದು ಅಂಕಣವಿದೆ. ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದನ್ನು ಕಂಡು ಮೇಡಂ, "ಕೆಲಸದ ಕರೆ ಬರಲಿಲ್ಲ, ಅದಕ್ಕೆ ಒಯ್ಯಲಿಲ್ಲ ಅಂತ ಬರೀರಿ ಸಾಕು" ಎಂದರು. ನಾನು ಪೆನ್ನು ಕೆಳಗಿಟ್ಟು ಮನೆಗೆ ಬಂದೆ. ಊರಿನ ಪ್ರತಿಯೊಂದು ಅನ್ಯಾಯಕ್ಕೂ ಪುಟಗಟ್ಟಲೆ ಬರೆದವನಿಗೆ ಆ ಒಂದು ಸಾಲು ಬರೆಯಲಾಗಲಿಲ್ಲ.

ನೀನು ಬಂದು ಸಹಿ ಮಾಡಿ ಅದನ್ನು ತೆಗೆದುಕೊಂಡು ಹೋಗಬೇಕು. ಅಮ್ಮನದು ನಿನ್ನ ಬಳಿಯೇ ಇರಲಿ. ಏಪ್ರಿಲ್ ಮುಗಿಯುವವರೆಗೂ ಕಟ್ಟಿನ ಮೇಲೆಯೇ ಇಟ್ಟಿರುತ್ತೇನೆಂದು ಮೇಡಂ ಹೇಳಿದ್ದಾರೆ. ನನ್ನ ಜೊತೆ ಉಳಿಯಬೇಕೆಂದು ಕೇಳುವುದಿಲ್ಲ. ಕೆಳಗೆ ಬರೆದಿರುವುದನ್ನು ಓದಿದ ಮೇಲೆ ನೀನೇ ತೀರ್ಮಾನಿಸು.

ನಿನ್ನ ಕೆಲಸ, ನಿನ್ನ ಮನೆ ಎರಡೂ ತಣ್ಣಗಿರಲಿ. ಎಲ್ಲಿದ್ದರೂ ನಿನ್ನ ಮಾತು ನಡೆಯಲಿ.

ಇಂತು,
ನಿನ್ನ ಅಪ್ಪ

ಮರೆತ ಮಾತು: ಮೇಲಿನದೆಲ್ಲ ಟೈಪ್ ಮಾಡಿದ್ದು. ಮರೆತ ಮಾತೆಂದು ಹಾಕಿದ್ದೇನೆ, ಆದರೆ ಇದನ್ನು ಒಂದು ದಿನವೂ ಮರೆತದ್ದಿಲ್ಲ. ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನಡುಗಿದ್ದರೂ ಓದು.

ಕರೆ ಬಂದಿತ್ತು. ಆ ದಿನ ಜ್ವರವೆಂದು ನಾನು ಮನೆಯಲ್ಲಿದ್ದೆ. ಲಕೋಟೆ ನನ್ನ ಕೈಗೆ ಸಿಕ್ಕಿತು. ಟೈಪಿಸ್ಟ್ ಕೆಲಸಕ್ಕೆ ಸೋಮವಾರ ಹತ್ತು ಗಂಟೆಗೆ ಸಂದರ್ಶನವೆಂದು ಬರೆದಿದ್ದರು. ನನಗೊಂದು ಮಾತೂ ಹೇಳದೆ ಕಲಿತಳಲ್ಲ ಎಂದು ಮೈಯೆಲ್ಲ ಉರಿಯಿತು. ಮನೆಯ ಜವಾಬ್ದಾರಿಯಿಂದಾಗಿ ಬರಲಾಗುವುದಿಲ್ಲ, ಇನ್ನು ಮುಂದೆಯೂ ಕರೆಯುವುದು ಬೇಡ ಎಂದು ಇದೇ ಕೈಯಿಂದ ಉತ್ತರ ಬರೆದು, ಕೆಳಗೆ ಅವಳ ಸಹಿ ಹಾಕಿದೆ. ಹೆಂಗಸರಿಲ್ಲದ ಕಚೇರಿ ಅರ್ಧ ಕಚೇರಿ ಎಂಬ ನನ್ನ ಪತ್ರ ಅದೇ ವಾರ ಪತ್ರಿಕೆಯಲ್ಲಿ ಬಂತು. ಅವಳು ಅದನ್ನೂ ಕತ್ತರಿಸಿ, ಅಂಟು ಹಚ್ಚಿ, ಹೆಬ್ಬೆರಳಿನಿಂದ ನೀವಿ ಪುಸ್ತಕಕ್ಕೆ ಹಾಕಿದಳು.

ಆಗ ನಿನಗೆ ಏಳು ವರ್ಷ. ಬಾಗಿಲಲ್ಲಿ ನಿಂತು "ಅಂಚೆಯವನು ಬಂದ" ಎಂದು ಕೂಗುವ ಕೆಲಸವನ್ನು ಅಮ್ಮ ನಿನಗೆ ಕೊಟ್ಟಿದ್ದಳು. ನೀನು ಅದನ್ನು ಆಟವೆಂದುಕೊಂಡಿದ್ದೆ. ನಾನು ಒಳಗೆ ಪುಸ್ತಕ ಹಿಡಿದು ಕೂತು ನೀನು ಕೂಗುವುದನ್ನು ಕೇಳುತ್ತಿದ್ದೆ.

ರಿಜಿಸ್ಟರಿನ ಆ ಅಂಕಣ ಮೂರು ಬೆರಳಿನಷ್ಟು ಅಗಲವಿದೆ. ನೀನು ಬಂದರೆ ಉದ್ದವಾಗಿ ಏನೂ ಬರೆಯಬೇಡ. ನನ್ನ ಹೆಸರು ಅದರಲ್ಲಿ ಹಿಡಿಸುತ್ತದೆ.