ವಾಸಿಯಾದ ಕಣ್ಣು

ಯಲ್ಲದಕೆರೆ
19-8-2024

ಚಿ. ಸೌ. ರಂಜಿತಾಳಿಗೆ ಅಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ಹೊಳಲ್ಕೆರೆಯಲ್ಲಿ ನೀನು, ಅಳಿಯಂದಿರು, ನಿಮ್ಮತ್ತೆ ತಿಪ್ಪಮ್ಮನವರು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಮಂಜಾಗಿದ್ದ ನಿನ್ನ ಬಲಗಣ್ಣು ಪೂರ್ತಿ ತಿಳಿಯಾಯಿತೆಂದೂ, ಹಾಲುರಾಮೇಶ್ವರಕ್ಕೆ ಹೋಗಿ ಹರಕೆ ಒಪ್ಪಿಸಿ ಬಾ ಎಂದೂ ನೀನು ಫೋನ್ ಮಾಡಿ ಬಹಳ ದಿನವಾಯಿತು. ನಾನಿನ್ನೂ ಹೋಗಿಲ್ಲ. ಬೇಸರ ಮಾಡಿಕೊಳ್ಳಬೇಡ, ಕಾರಣ ಬರೆಯುತ್ತೇನೆ. ಫೋನಿನಲ್ಲಾದರೆ ಅರ್ಧಕ್ಕೇ "ಆತು ಬಿಡಪ್ಪ" ಅನ್ನುತ್ತೀಯ; ಕಾಗದವಾದರೆ ಕೊನೆಯವರೆಗೂ ಓದುತ್ತೀಯ.

ನಿನ್ನೆ ಚಿತ್ರದುರ್ಗದಲ್ಲಿ ಡಾಕ್ಟರುಗಳಿಗೇ ಪಾಠವಿತ್ತು. ಡಾಕ್ಟರಾದ ಮೇಲೂ ಹೊಸದನ್ನು ಕಲಿಯುತ್ತಿರಬೇಕಂತೆ, ಅದಕ್ಕೆ ಸಿ.ಎಂ.ಇ. ಎನ್ನುತ್ತಾರೆ. ಈ ಸಲದ ವಿಷಯ ನಿಮ್ಮಮ್ಮನ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್. ಅವಳನ್ನು ಕೊನೆಯ ವರ್ಷಗಳಲ್ಲಿ ನೋಡಿದ ಉಷಾರಾಣಿ ಮೇಡಂ, ಕಾಯಿಲೆ ಹೇಗೆ ಶುರುವಾಯಿತೆಂದು ಮನೆಯವರ ಬಾಯಿಂದಲೇ ಎಲ್ಲರೂ ಕೇಳಲಿ ಎಂದು ನನ್ನನ್ನು ಕರೆಸಿದ್ದರು. ಹಿರಿಯೂರಿನಲ್ಲಿ ಬಸ್ಸು ಹತ್ತಿದೆ, ಕಿಟಕಿ ಸೀಟೇ ಸಿಕ್ಕಿತು. ಮಧ್ಯಾಹ್ನ ಹೋಳಿಗೆ ಊಟ. ಹೋಳಿಗೆ ಪರವಾಗಿಲ್ಲ, ತುಪ್ಪ ಬಡಿಸುವವನ ಕೈ ಬಿಗಿ.

ಡಾಕ್ಟರುಗಳ ಮುಂದೆ ಇಂಗ್ಲಿಷಿನಲ್ಲೇ ಮಾತಾಡೋಣವೆಂದುಕೊಂಡಿದ್ದೆ. ಬಿ.ಎ. ಓದಿದ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ರಜಾ ಅರ್ಜಿಯೊಂದೇ. "ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್ ಮೈ ವೈಫ್ ಈಸ್ ಸಫರಿಂಗ್" ಎಂದು ಶುರು ಮಾಡಿದೆ. ಮುಂದಕ್ಕೆ "ಕೈಂಡ್ಲಿ ಗ್ರಾಂಟ್ ಮಿ ಲೀವ್" ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಹಿಂದಿನ ಸಾಲಿನವರು ನಕ್ಕರು. ಮೇಡಂ, "ಕನ್ನಡದಾಗೇ ಹೇಳ್ರಿ ಮಂಜಣ್ಣ, ಇವ್ರೆಲ್ಲ ನಮ್ಮ ಕಡೆಯೋರೇ" ಎಂದರು.

ಹೇಳಿದೆ. ಕಾಲು ಜೋಮು ಹಿಡಿದದ್ದು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ನಿಮ್ಮಮ್ಮ ಹಾಗೇ ನಡೆದುಬಿಡುತ್ತಿದ್ದದ್ದು, ಅಲ್ಲಿಂದ ಶುರು ಎಂದೆ. ಮೇಡಂ ಅದಕ್ಕೂ ಮುಂಚೆ ಯಾವತ್ತಾದರೂ ಕಣ್ಣು ಮಂಜಾಗಿತ್ತೇ ಎಂದು ಕೇಳಿದರು.

"ಆಗಿತ್ರಿ. ಅದು ಹರಕೆ ಕಟ್ಟಿಕೊಂಡ ಮ್ಯಾಲೆ ವಾಸಿ ಆತಲ್ಲ. ಅದನ್ಯಾಕೆ ಈಗ ಲೆಕ್ಕಕ್ಕೆ ತಗಂತೀರಿ?"

ಈ ಸಲ ಯಾರೂ ನಗಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು.

ಆಮೇಲೆ ಮೇಡಂ ವಿವರಿಸಿದರು. ನರದ ಮೇಲಿನ ಹೊದಿಕೆ ಅಲ್ಲಲ್ಲಿ ಕೆಡುತ್ತದಂತೆ. ಕಣ್ಣೋ ಕಾಲೋ ಸೋಲುತ್ತದೆ, ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಆಗ ಒಬ್ಬರು ಹರಕೆಯಿಂದ ವಾಸಿಯಾಯಿತು ಅನ್ನುತ್ತಾರೆ, ಒಬ್ಬರು ಹೊಸ ಕನ್ನಡಕದಿಂದ. ಡಾಕ್ಟರೂ ತನ್ನ ಮಾತ್ರೆಯಿಂದ ಎಂದುಕೊಳ್ಳುತ್ತಾನೆ. ಮುಂದಿನ ಹೊಡೆತದವರೆಗೆ ಯಾರೂ ಹುಡುಕುವುದಿಲ್ಲ. ಆರಾಮಾದೆ ಎಂದು ರೋಗಿ ಹೇಳಿದರೂ ಬಿಡದೆ ಎಂ.ಆರ್.ಐ. ಮಾಡಿಸಿ, ಇದೇ ಕಾಯಿಲೆ ಎಂದು ಖಾತ್ರಿಯಾದರೆ ಆಗಲೇ ಔಷಧಿ ಶುರು ಮಾಡಬೇಕು. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ, ಆದರೆ ಮುಂದಿನ ಹೊಡೆತಗಳು ಕಡಿಮೆಯಾಗುತ್ತವೆ. ಹಾಲುರಾಮೇಶ್ವರನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನಾನೂ ಆಡುವುದಿಲ್ಲ.

ಊಟದ ಹೊತ್ತಿಗೆ ನಿನ್ನ ವಿಷಯ ಕೇಳಿದೆ. ತಾಯಿಗಿದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದೇನಿಲ್ಲ, ಕಣ್ಣು ಮಂಜಾಗಲು ಬೇರೆ ಕಾರಣಗಳೂ ಇರುತ್ತವೆ ಎಂದರು. ಎಲೆಯ ಮುಂದಿಂದ ಏಳುವಾಗ ಮತ್ತೆ ತಿರುಗಿ, "ಕರ್ಕಂಡ್ ಬರ್ರಿ. ವಾಸಿ ಆಗೈತೆ ಅಂತ ಮಾತ್ರ ಬಿಡಬ್ಯಾಡ್ರಿ" ಎಂದರು.

ಇಷ್ಟೇ ಸಮಾಚಾರ. ಅಳಿಯಂದಿರಿಗೂ ತಿಪ್ಪಮ್ಮನವರಿಗೂ ಈ ಕಾಗದ ಓದಿ ಹೇಳು. ನಿನ್ನ ಕಣ್ಣು, ಕೈಕಾಲು ಗಟ್ಟಿಯಾಗಿರಲಿ, ಮನೆ ತುಂಬ ಓಡಾಡಿಕೊಂಡಿರು.

ಇಂತಿ ನಿನ್ನ ಅಪ್ಪ,
ಮಂಜಣ್ಣ

ತಾ.ಕ.: ನಿಮ್ಮಮ್ಮನ ಕಣ್ಣು ತಿಳಿಯಾದಾಗ ಹರಕೆ ಒಪ್ಪಿಸಲು ಇಬ್ಬರೂ ಬೈಕಿನಲ್ಲಿ ಹೋಗಿದ್ದೆವು. ಹೊಸದುರ್ಗ ದಾಟಿದ ಮೇಲೆ ಅವಳು ಚೆನ್ನಾಗಿದ್ದ ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು, ದಾರಿಯ ಬೋರ್ಡುಗಳನ್ನೆಲ್ಲ ಹಿಂದಿನಿಂದ ಜೋರಾಗಿ ಓದುತ್ತಾ ಬಂದಳು. ಗೊಬ್ಬರದ ಅಂಗಡಿ, ಪಂಕ್ಚರ್ ಅಂಗಡಿ, ಒಂದನ್ನೂ ಬಿಡಲಿಲ್ಲ. ನಮ್ಮ ಸಂಸಾರದಲ್ಲಿ ನಾನು ಅಷ್ಟು ಖುಷಿಯಾಗಿದ್ದ ದಿನ ಇನ್ನೊಂದಿಲ್ಲ. ಈಗ ಆ ದಿನವನ್ನು ಏನು ಮಾಡುವುದೋ ನನಗೆ ತಿಳಿಯುತ್ತಿಲ್ಲ. ಕಣ್ಣು ತಿಳಿಯಾಯಿತೆಂದು ಫೋನ್ ಮಾಡಿದಾಗ ನೀನೂ ಒಂದು ಕಣ್ಣು ಮುಚ್ಚಿಕೊಂಡು ಕ್ಯಾಲೆಂಡರ್ ಓದಿದೆಯಲ್ಲ, ಅದೇ ದನಿ. ಗುರುವಾರ ಬರುತ್ತೇನೆ, ತಯಾರಾಗಿರು. ಹರಕೆ ಎಲ್ಲಿಗೂ ಹೋಗುವುದಿಲ್ಲ, ಸ್ಕ್ಯಾನ್ ಆದ ಮೇಲೆ ಇಬ್ಬರೂ ಹೋಗೋಣ. ಬಸ್ಸಿನಲ್ಲಿ ಮಾತ್ರ ಬೋರ್ಡು ಓದಿ ತೋರಿಸಬೇಡ ಮಗಳೇ.