ಮೇಸ್ತ್ರಿಯ ಬೆನ್ನಿನ ಹಸಿರು

ಮನೆ, ಅಡುಗೆಮನೆಯ ಮೇಜು
ಜನವರಿ ೧೯, ಗುರುವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಮದುವೆಯಾಗಿ ಒಂಬತ್ತು ವರ್ಷವಾದರೂ ಪತ್ರದಲ್ಲಿ ನಿಮ್ಮ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ, ‘ಇವರು’ ಎಂದರೇ ಸಮಾಧಾನ. ಹೇಗಿದ್ದೀರಿ? ಸೊಂಟನೋವು ಇಳಿಯಿತೇ? ಹಡಗಿನ ಇಂಜಿನ್ ರೂಮಿನ ಕಬ್ಬಿಣದ ಏಣಿಯನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿದರೆ ಯಾವ ಸೊಂಟ ತಾನೇ ಸುಮ್ಮನಿರುತ್ತದೆ? ನಾನು ಹೆಣೆದುಕೊಟ್ಟ ಉಣ್ಣೆಯ ಪಟ್ಟಿ ಇನ್ನೂ ಪೆಟ್ಟಿಗೆಯ ತಳದಲ್ಲೇ ಇದೆ ಎಂದು ನನಗೆ ಗೊತ್ತು, ಮೊದಲು ಅದನ್ನು ಹೊರಗೆ ತೆಗೆದು ಕಟ್ಟಿಕೊಳ್ಳಿ. ‘ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಗೀಟಿನ ಅಡಿಯಲ್ಲಿ ಕಾಣುತ್ತಿರಬಹುದು. ಚೆನ್ನಾಗಿಲ್ಲ ರೀ. ಈ ಲಕೋಟೆಯಲ್ಲಿ ಪತ್ರದ ಜೊತೆ ಒಂದು ಫಾರಂ ಇದೆ. ನಿಮ್ಮ ಸಹಿಗಾಗಿ ನಿಮ್ಮಪ್ಪನೇ ತಂದದ್ದು. ದಯವಿಟ್ಟು ಈಗಲೇ ಅದನ್ನು ಬಿಡಿಸಬೇಡಿ, ಮೊದಲು ನಾನು ಬರೆದದ್ದನ್ನು ಪೂರ್ತಿ ಓದಿ. ಕಂಪನಿಯ ಕಚೇರಿಯಲ್ಲಿ ಹಡಗಿನ ಅಂಚೆ ಚೀಲವನ್ನು ನಾಲ್ಕು ಗಂಟೆಗೆ ಕಟ್ಟುತ್ತಾರೆ, ಅಷ್ಟರೊಳಗೆ ಬರೆದು ಮುಗಿಸಬೇಕು.

ಹೋದ ಪತ್ರದಲ್ಲಿ ಮನೆಗೆ ಒಂದು ಆಮೆ ಬಂದಿದೆ ಎಂದು ಎರಡೇ ಸಾಲು ಗೀಚಿದ್ದೆ. ಅದು ಬಂದದ್ದು ಹೀಗೆ. ಪಕ್ಕದ ಕಟ್ಟಡದ ಮೂರನೇ ಮಹಡಿಯವರು ಮನೆ ಖಾಲಿ ಮಾಡಿ ಹೋದರು, ಅಲ್ಲಿ ಬಣ್ಣ ಬಳಿಯುವ ಕೆಲಸ ಮಾವನ ಹಳೆಯ ಜೊತೆಗಾರರಿಗೆ ಸಿಕ್ಕಿತು. ಮಾವನಿಗೆ ಕೈ ನಡುಗಿದರೂ ನೋಡಲು ಹೋಗದೆ ಇರಲಾಗುತ್ತದೆಯೇ? ಹೋದವರು ಕೆಲಸದ ಅಂಗಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಟ್ಟುಹೋದ ಬಚ್ಚಲುಮನೆಯಲ್ಲಿ, ಒಣಗಿದ ಬಕೆಟ್ಟಿನ ತಳದಲ್ಲಿ, ಎಷ್ಟು ದಿನದಿಂದಲೋ ಬಿದ್ದಿದ್ದ ಆಮೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಬೆನ್ನಿನ ತುಂಬಾ ಗೇಟಿಗೆ ಹೊಡೆಯುವ ಹಸಿರು ಬಣ್ಣ, ಅದರ ಮೇಲೆ ಹಳದಿ ಚುಕ್ಕಿ. ಯಾರದೋ ಮಕ್ಕಳ ಆಟಕ್ಕೆ ಬಳಿದಿದ್ದಿರಬೇಕು. ಅತ್ತೆ ಹೋದ ಮೇಲೆ ಹನ್ನೊಂದು ತಿಂಗಳು ಮಾವನ ಬಾಯಲ್ಲಿ ‘ಹ್ಞೂಂ’, ‘ಊಹ್ಞೂಂ’ ಬಿಟ್ಟರೆ ಏನೂ ಇರಲಿಲ್ಲ ಎಂದು ನಿಮಗೆ ಗೊತ್ತೇ ಇದೆ. ಆವತ್ತು ಹೊಸ್ತಿಲು ದಾಟುವ ಮೊದಲೇ ಗುಡುಗಿದರು: “ಪ್ರೈಮರ್ ಕೂಡ ಹಾಕದೆ ಬಳಿದಿದಾನಲ್ಲಮ್ಮ, ಮುಟ್ಠಾಳ!” ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಮನೆಯಲ್ಲಿ ಅಷ್ಟು ಉದ್ದದ ಮಾತು ಕೇಳಿ ಒಂದು ವರ್ಷವಾಗುತ್ತ ಬಂದಿತ್ತು.

ಮೊದಲ ದಿನವೇ ನಾನು ಜಾಣತನ ತೋರಿಸಲು ಹೋಗಿ ಅದನ್ನು ತುಂಬಿದ ಬಕೆಟ್ಟಿಗೆ ಬಿಟ್ಟೆ. ಪುಣ್ಯಕ್ಕೆ ಮಾವ ನೋಡಿ ಎತ್ತಿದರು. ಇದು ನೆಲದ ಆಮೆ, ಈಜು ಬರುವುದಿಲ್ಲ, ಮುಳುಗಿ ಸಾಯುತ್ತದೆ ಎಂದು ಪ್ರಾಣಿಗಳ ಡಾಕ್ಟರಮ್ಮ ಆಮೇಲೆ ನನಗೆ ಚೆನ್ನಾಗಿ ಉಗಿದರು. ಅವರು ಹೇಳಿದ್ದನ್ನೆಲ್ಲ ಮಾವ, ಗೋಡೆಗಳ ಲೆಕ್ಕ ಬರೆಯುತ್ತಿದ್ದ ತಮ್ಮ ಹಳೆಯ ಅಳತೆ ಪುಸ್ತಕದಲ್ಲಿ ಬರೆದುಕೊಂಡರು. ಬೆಳಿಗ್ಗೆ ಬಿಸಿಲು, ಚಳಿಗೆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಬಲ್ಬು, ದಿನಕ್ಕೊಮ್ಮೆ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರು, ಮೂಲಂಗಿ ಸೊಪ್ಪು, ದಾಸವಾಳದ ಎಲೆ. ಹಾಲು, ಬ್ರೆಡ್ಡು ಕೂಡದು. ವಾರಕ್ಕೊಮ್ಮೆ ತೂಕ. ಅದು ನನ್ನ ಅಡುಗೆಮನೆಯ ತಕ್ಕಡಿಯಲ್ಲಿ! ಇನ್ನು ಬೆನ್ನಿನ ಬಣ್ಣವನ್ನು ನೀರು ಮತ್ತು ಮೆತ್ತನೆ ಬ್ರಷ್ಷಿನಿಂದ ದಿನಕ್ಕೆ ಉಗುರಿನಷ್ಟೇ ತೆಗೆಯಬೇಕು, ತಿಂಗಳುಗಟ್ಟಲೆ ಹಿಡಿದರೂ ಸರಿ. ನಲವತ್ತು ವರ್ಷ ಗೋಡೆ ಕೆರೆದ ಮನುಷ್ಯನಿಗೆ ಅಂಥ ಕೆಲಸ ಸಿಕ್ಕಿದರೆ ಕೇಳಬೇಕೇ! ಬಾಲ್ಕನಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಅದರ ಜೊತೆ ಲೋಕಾಭಿರಾಮ ಮಾತಾಡುತ್ತ ತೆಗೆಯುತ್ತಿದ್ದರು. ಅತ್ತೆಯ ವಿಷಯವನ್ನೂ ಅದಕ್ಕೇ ಹೇಳುತ್ತಿದ್ದರು. ಆಮೆಯೂ ಮನೆ ಸುತ್ತುವಾಗ ಗೋಡೆಯ ಅಂಚಿಗೇ ಹೋಗಿ, ಪ್ರತಿ ಮೂಲೆಯಲ್ಲೂ ನಿಂತು ಕತ್ತೆತ್ತಿ ನೋಡಿ, ಕೆಲಸ ಸಾಲದು ಎನ್ನುವಂತೆ ಮುಂದಕ್ಕೆ ಹೋಗುತ್ತಿತ್ತು. ಅದಕ್ಕೇ ಮಾವ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟರು.

ಇನ್ನೊಂದು ವಿಷಯವನ್ನು ನಿಮ್ಮಿಂದ ಮುಚ್ಚಿಟ್ಟಿದ್ದೆ. ಮಾವನಿಗೆ ಆಗಾಗ ಮರೆವು. ಎರಡು ಸಲ ಸ್ಟೌ ಆರಿಸದೆ ಹೊರಗೆ ಹೋಗಿದ್ದರು. ಒಮ್ಮೆ ನಮ್ಮ ಮನೆ ಎಂದುಕೊಂಡು ಕೆಳಗಿನ ಮಹಡಿಯವರ ಬೆಲ್ಲು ಒತ್ತಿ, ಬಾಗಿಲು ತೆಗೆದ ಹೆಂಗಸನ್ನೇ ‘ನೀನ್ಯಾರಮ್ಮ’ ಎಂದು ಕೇಳಿದರಂತೆ. ವಯಸ್ಸಿನ ಮರೆವು ಇರಬಹುದು, ಗಮನ ಇಟ್ಟು ನೋಡಿ ಎಂದು ಡಾಕ್ಟರು ಹೇಳಿದ್ದರು. ನಾನು ತಮಾಷೆ ಮಾಡಿ ತೇಲಿಸಿದೆ, ಆದರೆ ಅವರು ತೇಲಿಸಲಿಲ್ಲ. ಆವತ್ತಿನಿಂದ ಮಾಡಿದ ಕೆಲಸವನ್ನೆಲ್ಲ ಅದೇ ಅಳತೆ ಪುಸ್ತಕದಲ್ಲಿ ಬರೆದಿಡತೊಡಗಿದರು.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ, ಕೇಳಿ. ಹೋದ ಶುಕ್ರವಾರ ಡ್ರೈಕ್ಲೀನಿಂಗ್ ಅಂಗಡಿಗೆ ರಜೆ. ಮಾವ ಊಟ ಮಾಡಿ ಮಲಗಿದ್ದರು. ನಾನು ಬಾಲ್ಕನಿ ಗುಡಿಸುತ್ತಿದ್ದೆ. ಪೆಟ್ಟಿಗೆಯ ಸುತ್ತ ಹಸಿರು ಬಣ್ಣದ ಚೂರು, ದಿನಾ ಗುಡಿಸಿದರೂ ಅಷ್ಟೇ ಚೂರು. ಮೂರು ವಾರವಾದರೂ ಬೆನ್ನಿನ ಮುಕ್ಕಾಲು ಭಾಗ ಹಸಿರೇ. ನಿಮಗೆ ಗೊತ್ತಲ್ಲ, ಕಲೆ ಕಂಡರೆ ನನ್ನ ಕೈ ತುರಿಸುತ್ತದೆ. ಹದಿನಾಲ್ಕು ವರ್ಷದಿಂದ ಅಂಗಡಿಯಲ್ಲಿ ಮಾಡುತ್ತಿರುವುದೇ ಅದು, ಎಂಥೆಂಥ ಕೋಟಿನ ಮೇಲಿನ ಪೇಂಟನ್ನು ನೂಲು ಎದ್ದುಬರದ ಹಾಗೆ ತೆಗೆದಿದ್ದೇನೆ. ಮಾವನ ಬ್ರಷ್ಷಿನ ಪೆಟ್ಟಿಗೆಯಿಂದ ಬಣ್ಣ ಕರಗಿಸುವ ಥಿನ್ನರ್ ಡಬ್ಬ ತೆಗೆದೆ. ಹತ್ತಿ ಅದ್ದಿ, ಅಂಗಡಿಯಲ್ಲಿ ಮಾಡುವ ಹಾಗೆ ಅಂಚಿನಿಂದ ನಡುವಿಗೆ ಸುತ್ತುತ್ತ ಒರೆಸಿದೆ. ಎಂಥ ಚಂದವಾಗಿ ಬಿಟ್ಟುಕೊಂಡು ಬಂತು ರೀ! ಅಡಿಯಲ್ಲಿ ಕಂದು, ಜೇನು ಬಣ್ಣದ ಉಂಗುರಗಳು. ಮಾವ ಎದ್ದು ನೋಡಿ ಎಷ್ಟು ಸಂತೋಷಪಡುತ್ತಾರೆ ಎಂದುಕೊಂಡೆ. ಥಿನ್ನರ್ ಮುಟ್ಟಿಸಬಾರದು ಎಂದು ಅವರು ಮೇಸ್ತ್ರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ ಎಂದು ಬರೆದುಬಿಡಬಹುದಿತ್ತು. ಆದರೆ ಬಿದ್ದಿತ್ತು. ರೇಷ್ಮೆಗೇ ಏನೂ ಆಗುವುದಿಲ್ಲ, ಇಷ್ಟು ಗಟ್ಟಿ ಚಿಪ್ಪಿಗೆ ಏನಾದೀತು ಎಂಬ ಸೊಕ್ಕು ನನ್ನದು. ಅಷ್ಟರಲ್ಲಿ ಅಂಗಡಿಯ ಯಜಮಾನರ ಫೋನು. ಯಾರದೋ ಸೂಟು ಅರ್ಜೆಂಟಂತೆ, ಬೀಗದ ಕೈ ನನ್ನ ಹತ್ತಿರವೇ ಇತ್ತು. ಮೇಸ್ತ್ರಿಯನ್ನು ಹಾಗೇ ಬಲ್ಬಿನ ಕೆಳಗೆ ಇಟ್ಟು, ಹತ್ತಿಯನ್ನು ನನ್ನ ಬ್ಯಾಗಿಗೆ ತುರುಕಿ ಓಡಿದೆ. ಡಬ್ಬದ ಮುಚ್ಚಳ ಹಾಕಲಿಲ್ಲ.

ಎರಡು ಗಂಟೆ ಬಿಟ್ಟು ಬಂದೆ. ಮನೆಯೆಲ್ಲ ಥಿನ್ನರ್ ವಾಸನೆ. ಮಾವ ಬಾಲ್ಕನಿಯ ನೆಲದ ಮೇಲೆ ಕೂತಿದ್ದರು, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಮೇಸ್ತ್ರಿ. ಅದರ ಕತ್ತು ಜೋತುಬಿದ್ದಿತ್ತು, ಮೂಗಿನಲ್ಲಿ ನೊರೆ. ಮಾವ ನನ್ನ ಮುಖ ನೋಡಿ, “ನಾನೇ ಮಾಡಿದೀನಿ ಅನ್ಸುತ್ತೆ ಕಣಮ್ಮ. ನೆನಪೇ ಆಗ್ತಿಲ್ಲ,” ಎಂದರು. ನಾನು ಬಾಯಿ ತೆರೆದೆ, ದೇವರಾಣೆ ತೆರೆದೆ. ಬಾಯಿಂದ ಬಂದದ್ದು ಏನು ಗೊತ್ತೇ? “ಇರಲಿ ಬಿಡಿ ಮಾವ, ವಯಸ್ಸಾಯ್ತಲ್ಲ.”

ಆ ಮಾತನ್ನು ಆರು ದಿನದಿಂದ ನಾನೇ ಕೇಳಿಸಿಕೊಳ್ಳುತ್ತಿದ್ದೇನೆ. ಇಸ್ತ್ರಿ ಮಾಡುವಾಗ, ಬಸ್ಸಿನಲ್ಲಿ ನಿಂತಿರುವಾಗ, ಅನ್ನ ಕಲಸುವಾಗ ಅದೇ ಮಾತು.

ಆವತ್ತೇ ಡಾಕ್ಟರಮ್ಮನ ಹತ್ತಿರ ಓಡಿದೆವು. “ಚಿಪ್ಪು ಅಂದ್ರೆ ಮೇಲೆ ಹೊದ್ದಿರೋ ಮುಚ್ಚಳ ಅಲ್ಲಮ್ಮ, ಅದರ ಮೈಯೇ ಅದು. ಮುಟ್ಟಿದ್ರೆ ಅದಕ್ಕೆ ಗೊತ್ತಾಗುತ್ತೆ,” ಎಂದರು. ಸೋಪಿನ ನೀರಲ್ಲಿ ತೊಳೆದು, ಇಂಜೆಕ್ಷನ್ ಕೊಟ್ಟು, ಉಳಿಯುತ್ತದೆ ಎಂದೂ ಹೇಳಲಿಲ್ಲ, ಉಳಿಯುವುದಿಲ್ಲ ಎಂದೂ ಹೇಳಲಿಲ್ಲ. ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಲ್ಲಿ ಇಡುತ್ತೇನೆ. ಡ್ರಾಪರಿನಲ್ಲಿ ಔಷಧ ಹಾಕಲು ಹೋದರೆ ಬಾಯಿ ಬಿಡುವುದಿಲ್ಲ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಮೂಗಿನ ಮುಂದೆ ಇಡುತ್ತೇನೆ, ಸಂಜೆಗೆ ಬಾಡಿದ್ದನ್ನು ಎತ್ತಿ ಬಿಸಾಡುತ್ತೇನೆ. ಈಗ ತೂಕ ದಿನಾ ನೋಡುತ್ತೇನೆ. ಆರುನೂರ ನಲವತ್ತು ಗ್ರಾಂ ಇದ್ದದ್ದು ಇವತ್ತು ಐನೂರ ಎಂಬತ್ತೈದು. ಕಾಲು ಮುಟ್ಟಿದರೆ ಮೊದಲು ಸರಕ್ಕನೆ ಒಳಗೆ ಎಳೆದುಕೊಳ್ಳುತ್ತಿತ್ತು, ಈಗ ತುಂಬಾ ಹೊತ್ತು ಬಿಟ್ಟು ಎಳೆದುಕೊಳ್ಳುತ್ತದೆ. ಉಸಿರಾಡುತ್ತಿದೆಯೇ ಎಂದು ಮೂಗಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಹುಚ್ಚಿ ಎನ್ನಿ, ಪರವಾಗಿಲ್ಲ.

ಮಾವ ಅದರ ಹತ್ತಿರವೇ ಬರುವುದಿಲ್ಲ. ನೀರಿನ ಬಿಸಿ ಸರಿಯಾಗಿದೆಯೇ ನೋಡಿ ಎಂದು ಕರೆದರೆ, ‘ನನ್ನ ಕೈ ನಂಬಬೇಡಮ್ಮ’ ಎಂದು ಗೋಡೆಯ ಕಡೆ ತಿರುಗುತ್ತಾರೆ. ಬ್ರಷ್ಷಿನ ಪೆಟ್ಟಿಗೆಗೆ ಬೀಗ ಹಾಕಿ ಬೀಗದ ಕೈ ನನಗೆ ಕೊಟ್ಟಿದ್ದಾರೆ. ಮತ್ತೆ ಅದೇ ‘ಹ್ಞೂಂ’, ‘ಊಹ್ಞೂಂ’. ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಅಳತೆ ಪುಸ್ತಕ ತೆಗೆದು ನೋಡಿದೆ. ಶುಕ್ರವಾರದ ಪುಟದಲ್ಲಿ ‘ಊಟ. ಮಲಗಿದ್ದು’ ಎಂದಿದೆ, ಅದರ ಮುಂದೆ ದೊಡ್ಡ ಪ್ರಶ್ನೆ ಚಿಹ್ನೆ. ಪೆನ್ನನ್ನು ಒತ್ತಿ ಒತ್ತಿ ಕಾಗದ ತೂತಾಗಿದೆ.

ಮಂಗಳವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ ವೃದ್ಧಾಶ್ರಮದ ಫಾರಂ ತಂದರು. ಮಗನ ಸಹಿ ಬೇಕಂತೆ. ಸೇರಲು ಕಾರಣ ಎಂಬ ಜಾಗದಲ್ಲಿ, ಬೋರ್ಡು ಬರೆಯುತ್ತಿದ್ದ ಕಾಲದ ಆ ಮುದ್ದಾದ ಅಕ್ಷರದಲ್ಲಿ, ನಡುಗಿದ್ದು ಕಾಣದಂತೆ ನಿಧಾನವಾಗಿ ಬರೆದಿದ್ದಾರೆ: ‘ಮಾಡಿದ್ದು ನೆನಪಿರುವುದಿಲ್ಲ. ಜೀವ ಇರುವ ಮನೆಯಲ್ಲಿ ಇರತಕ್ಕವನಲ್ಲ.’

ನಾನು ಯಾಕೆ ಹೇಳಿಲ್ಲ ಎಂದು ಕೇಳುತ್ತೀರಿ. ಮೊದಲ ದಿನ ಹೆದರಿಕೆ. ಎರಡನೇ ದಿನ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದಾರು ಎಂಬ ನಾಚಿಕೆ. ಆಮೇಲೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಅದು ಅಲ್ಲೇ ಕೂತುಬಿಟ್ಟಿತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನೂ ಬರೆಯುತ್ತೇನೆ. ಫಾರಂ ಕೈಗೆ ಬಂದಾಗ ಒಂದು ಗಳಿಗೆ ನನಗೆ ಹಗುರವೆನಿಸಿತು. ಇನ್ನು ಸ್ಟೌ ಆರಿಸಿದ್ದಾರೋ ಇಲ್ಲವೋ ಎಂದು ಅಂಗಡಿಯಲ್ಲಿ ಕೂತು ಬೇಯಬೇಕಾಗಿಲ್ಲ ಎಂದುಕೊಂಡೆ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿ ಮನೆಯಿಂದ ಹೊರಗೆ ಕಳಿಸುವ ಹೆಂಗಸು ನಾನು! ನನ್ನನ್ನು ನೋಡಿದರೆ ನನಗೇ ಹೇಸಿಗೆಯಾಗುತ್ತಿದೆ. ಮೇಸ್ತ್ರಿ ಸತ್ತರೆ ಆ ಮನುಷ್ಯ ಇನ್ನು ಬಾಯಿಯೇ ಬಿಡುವುದಿಲ್ಲ, ಬದುಕಿದರೂ ಹೋಗಿಯೇ ಬಿಡುತ್ತಾರೆ. ನಾನು ಹೇಳಬೇಕೆಂದು ಬಾಗಿಲ ತನಕ ಹೋಗಿ ವಾಪಸ್ಸು ಬರುತ್ತಿದ್ದೇನೆ. ನೀವೇ ಅವರಿಗೊಂದು ಪತ್ರ ಬರೆಯಿರಿ, ಏನಾದರೂ ಮಾಡಿ ತಡೆಯಿರಿ. ನನ್ನನ್ನು ಬೈಯುವುದಿದ್ದರೆ ಒಂದು ಪುಟ ಹೆಚ್ಚೇ ಬೈಯಿರಿ, ಆದರೆ ಬೇಗ ಬರೆಯಿರಿ.

ಬಿಸಿ ಪೈಪುಗಳ ಹತ್ತಿರ ಜಾಗ್ರತೆ. ನಿಮ್ಮ ಜೊತೆಯ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ, ಉಪ್ಪು ಕಡಿಮೆ ಹಾಕಲು ಹೇಳಿ. ಸಮುದ್ರ ಶಾಂತವಾಗಿರಲಿ, ನಿಮಗೆ ಕಣ್ತುಂಬ ನಿದ್ದೆ ಬರಲಿ.

ನಿಮ್ಮ,
ಇವಳು

ಮರೆತ ಮಾತು: ಮೂರೂಮುಕ್ಕಾಲು ಗಂಟೆ, ಆಟೋದವನು ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಲಕೋಟೆಗೆ ಗೋಂದು ಹಚ್ಚುತ್ತಿದ್ದಾಗ ಮಾವ ಪೆನ್ನು ಹಿಡಿದುಕೊಂಡು ಬಂದು, ‘ಫಾರಂನಲ್ಲಿ ಇನ್ನೆಲ್ಲಾದರೂ ನನ್ನ ಸಹಿ ಬೇಕಾ’ ಎಂದು ಕೇಳಿದರು. ಆ ಪೆನ್ನು ನೋಡಿ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಬೈಯಲಿಲ್ಲ. “ಹಾಗಾದ್ರೆ ನಾನು ಮರ್ತಿಲ್ವಾ?” ಎಂದರು. ಇಲ್ಲ ಮಾವ ಎಂದೆ. ಮತ್ತೆ ಅದನ್ನೇ ಕೇಳಿದರು. ಮೂರನೇ ಸಲ ಕೇಳಿದಾಗ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದ ಹಸಿರು ಹತ್ತಿ ತಂದು ಕೈಗೆ ಕೊಟ್ಟೆ. ಮೂಸಿ ನೋಡಿ, ಅಲ್ಲೇ ಕುಸಿದು ಕೂತು ಅತ್ತರು ರೀ, ಅತ್ತೆ ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಆಮೇಲೆ ‘ಪೆಟ್ಟಿಗೆ ಬೀಗದ ಕೈ ಕೊಡು’ ಎಂದರು, ಅಷ್ಟೇ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಚ್ಚಲಲ್ಲಿ ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತ ಮೇಸ್ತ್ರಿಯ ಹತ್ತಿರ ನನ್ನನ್ನು ಬೈಯುತ್ತಿದ್ದಾರೆ, ನನಗೆ ಕೇಳಲಿ ಎಂದು ಗಟ್ಟಿಯಾಗಿ: “ಥಿನ್ನರ್ ಡಬ್ಬಕ್ಕೆ ಮುಚ್ಚಳ ಹಾಕದೆ ಹೋಗ್ತಾಳಂತೆ, ಕೇಳಿದ್ಯಾ ಮೇಸ್ತ್ರಿ?” ಅದು ಇನ್ನೂ ತಲೆ ಹೊರಗೆ ಹಾಕಿಲ್ಲ. ನೀವು ಲಕೋಟೆಯಲ್ಲಿ ಫಾರಂ ಹುಡುಕಬೇಡಿ. ಒಳ್ಳೆ ದಪ್ಪ ಕಾಗದವಂತೆ, ಮೇಸ್ತ್ರಿಯ ಪೆಟ್ಟಿಗೆಗೆ ಹಾಸಿಬಿಟ್ಟಿದ್ದಾರೆ.