ಪೆನ್ಸಿಲ್ ಅಕ್ಷರ ಅಳಿಸಿದ ಚಿತ್ರ

ಹಾಸ್ಟೆಲ್, ರೂಮ್ ನಂ. 27
ಸೆಪ್ಟೆಂಬರ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಮಾಡುತ್ತಿದ್ದೇನೆ. ಮೂರು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಸಾರಿ. ಫೋನಿನಲ್ಲಾದರೆ ಅರ್ಧಕ್ಕೇ ಅಳು ಬರುತ್ತದೆ, ನೀನು "ಮೊದ್ಲು ಮೂಗು ಒರೆಸ್ಕೋ" ಅನ್ನುತ್ತೀಯ, ವಿಷಯ ಅಲ್ಲೇ ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ. ನನ್ನ ಕನ್ನಡ ಸ್ಪೆಲಿಂಗ್ ನೋಡಿ ನಗಬೇಡ.

ಚಿತ್ರ ಮಾರಾಟವಾಗಲಿಲ್ಲ. ತಪ್ಪು ನನ್ನದು.

ನೀನೂ ಅಪ್ಪನೂ ಬೇರೆಬೇರೆ ಮನೆ ಮಾಡಿದಾಗ ಪಾತ್ರೆ, ಪುಸ್ತಕ, ಮಂಚ ಎಲ್ಲ ಪಾಲಾಯಿತು. ಇದೊಂದೇ ಉಳಿದಿತ್ತು. ನೂರೈವತ್ತು ವರ್ಷದ ಹಿಂದೆ ಊರೂರು ಸುತ್ತುತ್ತಿದ್ದ ಯಾರೋ ಕಲಾವಿದ ಜಲವರ್ಣದಲ್ಲಿ ಬರೆದ ನದಿ, ಗುಡ್ಡ, ಬಾಗಿದ ಮರ. ಇಬ್ಬರಿಗೂ ಬೇಕು, ಕತ್ತರಿಸುವ ಹಾಗಿಲ್ಲ. ಕೊನೆಗೆ ನನ್ನ ಕಾಲೇಜಿನ ಹತ್ತಿರದ ಹಳೆ ಚಿತ್ರಗಳ ಅಂಗಡಿಯಲ್ಲಿ ನಾನೇ ಮಾರಬೇಕೆಂದು ಒಪ್ಪಿಕೊಂಡಿರಿ.

ಕೊಡುವ ಮುಂಚೆ ನೀಟಾಗಿರಲಿ ಎಂದು ಫ್ರೇಮ್ ಬಿಚ್ಚಿದೆ. ಗುಡ್ಡದ ಮೇಲೆ, ನೀರಿನ ಮೇಲೆ ಸಣ್ಣ ಪೆನ್ಸಿಲ್ ಅಕ್ಷರ: ಇಲ್ಲಿ ಇನ್ನೂ ನೀಲಿ, ಇಲ್ಲಿ ಒದ್ದೆ ಮಣ್ಣು, ಹೀಗೆ. ಮೂಲೆಯಲ್ಲೊಂದು ತಾರೀಖು. ರಬ್ಬರ್ ತೆಗೆದುಕೊಂಡು ಎಲ್ಲ ಅಳಿಸಿದೆ. ಸ್ಕೂಲಿನ ಎಂಟು ವರ್ಷವೂ ಹಾಸ್ಟೆಲ್ ಡೆಸ್ಕಿನ ಮೇಲೆ ಗೀಚಿದ್ದನ್ನೆಲ್ಲ ಅಳಿಸಿದ ಮೇಲೆಯೇ ತಾನೆ ನಮ್ಮನ್ನು ರಜೆಗೆ ಬಿಡುತ್ತಿದ್ದದ್ದು? ಕೈ ತಾನಾಗಿ ಓಡಿತು.

ಅಂಗಡಿಯ ಮೇಡಂ ಭೂತಗನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. "ಇಲ್ಲೇನಿತ್ತಮ್ಮ?"

"ಕೊಳೆ, ಮೇಡಂ."

"ಕೊಳೆಗೆ ಓದು ಬರಹ ಬರುತ್ತಾ?"

ಆ ಕಾಲದ ಅಂಥ ಕಲಾವಿದರು ದಾರಿಯಲ್ಲಿ ನಿಂತು ಬೇಗಬೇಗ ಗೆರೆ ಹಾಕಿ, ಎಲ್ಲಿ ಯಾವ ಬಣ್ಣ ಎಂದು ಅದರ ಮೇಲೇ ಬರೆದುಕೊಂಡು, ಬಿಡಾರಕ್ಕೆ ಹೋದ ಮೇಲೆ ಬಣ್ಣ ತುಂಬುತ್ತಿದ್ದರಂತೆ. ಇದನ್ನು ಬರೆದವನು ನಿಜವಾಗಿ ಆ ನದಿಯ ಮುಂದೆ ನಿಂತಿದ್ದನೆಂಬುದಕ್ಕೆ ಆ ಅಕ್ಷರಗಳೇ ಸಾಕ್ಷಿ. "ಈಗ ಇದು ಅವನದೋ, ಇನ್ಯಾರೋ ನೋಡಿ ಮಾಡಿದ ಕಾಪಿಯೋ, ನಾನು ಹೆಂಗೆ ಹೇಳ್ಲಿ?" ಅಂದರು. ಚಿತ್ರ ಕೊಳ್ಳಲೆಂದು ಅಂಗಡಿಗೆ ಬಂದಿದ್ದವರು ಬೇಡವೆಂದು ಹೊರಟುಹೋದರು.

ಅಪ್ಪನಿಗೆ ಹೇಳಿದೆ. "ಹೋಗ್ಲಿ ಬಿಡು. ಅಮ್ಮ ಏನಂದ್ಲು?" ಅಂದರು. ನೀನು "ಅಪ್ಪ ಏನಂದ್ರು?" ಎಂದು ಕೇಳುತ್ತೀಯ, ಗೊತ್ತು. ಚಿತ್ರ ನನ್ನ ಮಂಚದ ಕೆಳಗೆ ಸೂಟ್‌ಕೇಸಿನ ಮೇಲಿದೆ. ಯಾರ ಮನೆಗೆ ತರಬೇಕೋ ತಿಳಿಯುತ್ತಿಲ್ಲ. ದಿನಕ್ಕೆ ಹತ್ತು ಸಲ ಬಗ್ಗಿ ನೋಡುತ್ತೇನೆ. ಗಿಲ್ಟೋ, ಸಮಾಧಾನವೋ, ಏನಾಗುತ್ತಿದೆಯೋ ಅದೂ ತಿಳಿಯುತ್ತಿಲ್ಲ.

ಮಾತ್ರೆ ಮರೆಯಬೇಡ. ಬೈಯುವುದಿದ್ದರೆ ಕಾಗದದಲ್ಲೇ ಬೈ, ಎರಡು ಸಲ ಓದಿಕೊಳ್ಳಬಹುದು. ನಿನ್ನ ಆಶೀರ್ವಾದ ಇರಲಿ, ಈ ಸಲ ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ
ಗುಬ್ಬಿ

ತಾ.ಕ.: "ಏನೂ ಒರೆಸ್ಬೇಡ, ಹೆಂಗಿದೆಯೋ ಹಂಗೇ ತಗೊಂಡ್ಬಾ" ಎಂದು ಮೇಡಂ ಮೊದಲೇ ಫೋನಿನಲ್ಲಿ ಹೇಳಿದ್ದರು. ರಬ್ಬರ್ ಹಿಡಿದಾಗ ಅದು ನೆನಪಿತ್ತು. ಕೈ ತಾನಾಗಿ ಓಡಿತು ಎಂದು ಬರೆದದ್ದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಈ ಎರಡು ತಿಂಗಳಲ್ಲಿ ನೀನೂ ಅಪ್ಪನೂ ಆರು ಸಲ ಮಾತಾಡಿದ್ದೀರಿ, ಆರೂ ಸಲ ಈ ಚಿತ್ರದ ವಿಷಯಕ್ಕೇ. ಇದು ಮಾರಾಟವಾಗಿಹೋದರೆ ಆಮೇಲೆ ಏನು ಮಾತಾಡುತ್ತೀರಿ? ಕಾಗದ ಸಿಕ್ಕಿದ ದಿನವೇ ಅಪ್ಪನಿಗೆ ಫೋನ್ ಮಾಡು. ಬೇರೆ ಅಂಗಡಿ ಹುಡುಕಬೇಕು ಅಂತ ಹೇಳು.